ಹೊಸ ಮೀಟರ್ ಬರುವ ಮೊದಲು: ನಮ್ಮ ರಾಗಿ ಮಿಲ್ಲಿನ ಮೂರು ತಿಂಗಳ ರಿಪೇರಿ

ನಮ್ಮದು ತುಮಕೂರು ಕಡೆಯ ಹೋಬಳಿ ಊರಿನಲ್ಲಿರುವ ಹಿಟ್ಟಿನ ಮಿಲ್ಲು. ಅಪ್ಪ ಶುರು ಮಾಡಿದ್ದು, ಈಗ ಇಬ್ಬರೂ ನಡೆಸುತ್ತೇವೆ. ರಾಗಿ, ಗೋಧಿ ಬೀಸುವ ಕಲ್ಲಿನ ಮಿಷನ್ನಿಗೆ 10 ಎಚ್‌ಪಿ ಮೋಟರು. ಖಾರದ ಪುಡಿ, ಧನಿಯಾ, ಅರಿಶಿನಕ್ಕೆ 7.5 ಎಚ್‌ಪಿ ಪಲ್ವರೈಸರ್. ನಾಲ್ಕು ವರ್ಷದ ಹಿಂದೆ ರಾಗಿ ಕ್ಲೀನ್ ಮಾಡಲು ತಂದ 3 ಎಚ್‌ಪಿ ಮಿಷನ್ ಒಂದು. ಇವಿಷ್ಟೇ ನಮ್ಮ ಸಾಮ್ರಾಜ್ಯ.

ಬಿಲ್ ಕೊಡಲು ಬಂದ ಹುಡುಗ ಒಂದು ದಿನ ಹೇಳಿದ: "ಅಣ್ಣಾ, ಇನ್ನು ಸ್ವಲ್ಪ ದಿನಕ್ಕೆ ಈ ಸಾಲಿನ ತ್ರೀ ಫೇಸ್‌ಗೆಲ್ಲ ಸ್ಮಾರ್ಟ್ ಮೀಟರ್ ಬರುತ್ತೆ. ಆಮೇಲೆ ನಾನು ಬರಲ್ಲ." ಅಪ್ಪನಿಗೆ ಅವನು ಬರುವುದಿಲ್ಲ ಎನ್ನುವುದೇ ಬೇಜಾರು. ನನಗೆ ಚಿಂತೆ ಬೇರೆ. ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು, 1 ಅಂದರೆ ಪೂರ್ತಿ) 0.74 ಎಂದು ಬರುತ್ತಿತ್ತು. ನಮ್ಮಲ್ಲಿ ಎಲ್‌ಟಿ (ಕಡಿಮೆ ವೋಲ್ಟೇಜಿನ) ಕೈಗಾರಿಕೆಗೆ ಅದು 0.85ಕ್ಕಿಂತ ಕೆಳಗಿಳಿದರೆ ಸರ್‌ಚಾರ್ಜ್ ಬೀಳುತ್ತದೆ. ಅದನ್ನು ವರ್ಷಗಟ್ಟಲೆ ಬಾಡಿಗೆ ಕಟ್ಟಿದ ಹಾಗೆ ಕಟ್ಟಿಕೊಂಡು ಬಂದಿದ್ದೆವು.

ಇನ್ನೊಂದು ವಿಷಯವೂ ತಲೆಯಲ್ಲಿತ್ತು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ತಿದ್ದುಪಡಿ ತಂದಿತು. ಅದರ ಪ್ರಕಾರ 10 ಕಿಲೋವ್ಯಾಟ್‌ಗಿಂತ ಜಾಸ್ತಿ ಬೇಡಿಕೆಯ ವ್ಯಾಪಾರ, ಕೈಗಾರಿಕೆಗೆ 2024ರ ಏಪ್ರಿಲ್ 1ರೊಳಗೆ ಹೊತ್ತಿಗೆ ತಕ್ಕ ದರ (ಟಿಒಡಿ) ಬರಬೇಕು. ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್ 1ರೊಳಗೆ. ಸ್ಮಾರ್ಟ್ ಮೀಟರ್ ಕೂತವರಿಗೆ ಕೂತ ತಕ್ಷಣ. ವ್ಯಾಪಾರ, ಕೈಗಾರಿಕೆಯವರಿಗೆ ಪೀಕ್ ಹೊತ್ತಿನ ದರ ಮಾಮೂಲಿಯ 1.2 ಪಟ್ಟಿಗಿಂತ ಕಡಿಮೆ ಇರುವಂತಿಲ್ಲ. ಬಿಸಿಲಿನ ಎಂಟು ಗಂಟೆಗಳಲ್ಲಿ ದರ ಕನಿಷ್ಠ ಶೇ. 20 ಕಡಿಮೆ. ಯಾವ ಗಂಟೆ ಯಾವುದು ಎಂದು ಹೇಳುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ನಮ್ಮಲ್ಲಿ ಕೆಇಆರ್‌ಸಿ. ಎಚ್‌ಟಿ (ಹೆಚ್ಚಿನ ವೋಲ್ಟೇಜಿನ) ಗ್ರಾಹಕರಿಗೆ ಇಲ್ಲಿ ಬಹಳ ವರ್ಷ ಸಂಜೆ 6ರಿಂದ 10 ದುಬಾರಿ, ರಾತ್ರಿ 10ರಿಂದ ಬೆಳಗ್ಗೆ 6 ಅಗ್ಗ ಎಂಬ ಲೆಕ್ಕ ನಡೆದಿದೆ. ಅದೇ ಸಂಜೆ 6ರ ಮೇಲೆಯೇ ನಮ್ಮ ಅಂಗಡಿ ಮುಂದೆ ಡಬ್ಬಗಳ ಸಾಲು ನಿಲ್ಲುವುದು.

ನಾವು ಯಾವ ಗಂಟೆಯಲ್ಲಿ ಎಷ್ಟು ಉರಿಸುತ್ತೇವೆ ಅಂತ ನಮಗೇ ಗೊತ್ತಿರಲಿಲ್ಲ. ಹೊಸ ಮೀಟರ್ ಅದನ್ನು ಅವರಿಗೆ ಹೇಳುವ ಮೊದಲು ನನಗೆ ಗೊತ್ತಾಗಬೇಕಿತ್ತು. ಕೆಲಸ ಶುರುವಾದದ್ದು ಅಲ್ಲಿಂದ.

ನಮ್ಮದೇ ಮೀಟರ್

ತಂದ ಸಾಮಾನು: ಪ್ಯಾನಲ್ ಬಾಗಿಲಿಗೆ ಕೂರುವ ತ್ರೀ ಫೇಸ್ ಮಲ್ಟಿಫಂಕ್ಷನ್ ಮೀಟರ್ ಒಂದು, ಲೆಕ್ಕ ಹೊರಗೆ ಕಳಿಸುವ ಆರ್‌ಎಸ್‌485 ಪೋರ್ಟ್ ಇರುವಂಥದ್ದು. 50/5ರ ರಿಂಗ್ ಸಿಟಿ ಮೂರು, ಅಂದರೆ ಕೇಬಲ್ ಸುತ್ತ ಬಳೆಯ ಹಾಗೆ ಕೂತು 50 ಆಂಪನ್ನು 5ಕ್ಕೆ ಇಳಿಸಿ ಮೀಟರಿಗೆ ಕೊಡುವಂಥದ್ದು. ಲೆಕ್ಕ ಬರೆದಿಡಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಒಂದು, ಅದಕ್ಕೂ ಮೀಟರಿಗೂ ಮಾತು ಕೊಡಿಸಲು ಒಂದು ಪುಟ್ಟ ಕನ್ವರ್ಟರ್. ರಬ್ಬರ್ ಬೀಡಿಂಗ್ ಇರುವ ಪ್ಲಾಸ್ಟಿಕ್ ಡಬ್ಬ. ಡಬ್ಬದ ವಿಷಯದಲ್ಲಿ ಜಿಪುಣತನ ಬೇಡ. ಮಿಲ್ಲಿನಲ್ಲಿ ಹಿಟ್ಟು ಎಲ್ಲಿಗೆ ಬೇಕಾದರೂ ನುಗ್ಗುತ್ತದೆ. ಗಾಳಿಯಲ್ಲಿ ತೇಲುವ ಹಿಟ್ಟಿಗೆ ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ ಕೂಡ.

ಇಲಾಖೆಯ ಮೀಟರು, ಅದರ ಸೀಲು, ಅದಕ್ಕೆ ಬರುವ ಕೇಬಲ್ಲು ನಾವು ಮುಟ್ಟುವ ಹಾಗೇ ಇಲ್ಲ. ನಮ್ಮ ಮೇನ್ ಸ್ವಿಚ್ಚಿನಿಂದ ಆಚೆಗೆ ಮಾತ್ರ ನಮ್ಮ ರಾಜ್ಯ. ಅಲ್ಲಿಯೂ ಲೈಸೆನ್ಸ್ ಇರುವ ವೈರ್‌ಮನ್ ಅಣ್ಣನನ್ನೇ ಕರೆಸಿದೆ. ಅವರು ಮೇನ್ ತೆಗೆದು, ಮೂರು ಫೇಸಿಗೂ ಟೆಸ್ಟರ್ ಇಟ್ಟು ನೋಡಿ, ಆಮೇಲೆ ಕೇಬಲ್ ಬಿಚ್ಚಿ ರಿಂಗ್ ತೂರಿಸಿದರು. ಅವರು ಹೇಳಿದ ಒಂದು ಮಾತು ಇಲ್ಲಿ ಬರೆದಿಡುತ್ತೇನೆ: ಕರೆಂಟ್ ಹರಿಯುತ್ತಿರುವಾಗ ಸಿಟಿಯ ಎರಡು ಸಣ್ಣ ವೈರುಗಳನ್ನು ಯಾವತ್ತೂ ಬಿಚ್ಚಿ ಬಿಡಬಾರದು. ನೋಡಲು ಸೊಳ್ಳೆಯ ಹಾಗಿದ್ದರೂ ತುದಿ ತೆರೆದುಕೊಂಡರೆ ಅಲ್ಲಿ ಸಾಯಿಸುವಷ್ಟು ವೋಲ್ಟೇಜ್ ಹುಟ್ಟುತ್ತದೆ.

ಮೇನ್ ಹಾಕಿದೆವು. ಗೋಧಿ ಸುರಿದು 10 ಎಚ್‌ಪಿ ಮೋಟರು ಓಡಿಸಿದೆವು. ಮೀಟರ್ 2.4 ಕಿಲೋವ್ಯಾಟ್ ತೋರಿಸಿತು.

ನನಗೋ ಖುಷಿ. ಇಷ್ಟೇನಾ ನಮ್ಮ ಮಿಲ್ಲು ತಿನ್ನೋದು! ಅಪ್ಪ ಮಾತ್ರ ಹಿಟ್ಟು ಕೈಯಲ್ಲಿ ಉಜ್ಜಿ ನೋಡುತ್ತಾ, "ಹತ್ತು ಎಚ್‌ಪಿ ಮೋಟರು ಎರಡೂವರೆ ಕಿಲೋವ್ಯಾಟ್ ತಿಂತದೇನೋ? ನಿನ್ ಮೀಟ್ರು ಸುಳ್ ಹೇಳ್ತಿದೆ" ಎಂದರು. ಇಲಾಖೆಯ ಮೀಟರಿನ ಕೆಂಪು ದೀಪ ನೋಡಲು ಹೋದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿಟುಕುತ್ತದೆ ಎಂದು ಮೀಟರಿನ ಮುಖದ ಮೇಲೇ ಬರೆದಿರುತ್ತದೆ. ನಮ್ಮದರಲ್ಲಿ 800 ಎಂದಿತ್ತು. ಫೋನಿನಲ್ಲಿ ವಿಡಿಯೋ ಮಾಡಿ ಎಣಿಸಿದೆ, ಒಂದು ನಿಮಿಷಕ್ಕೆ 96. ಅಂದರೆ ನಿಮಿಷಕ್ಕೆ 0.12 ಯೂನಿಟ್, ಗಂಟೆಗೆ 7.2. ನನ್ನ ಮೀಟರ್ ತೋರಿಸಿದ್ದು ಸರಿಯಾಗಿ ಅದರ ಮೂರರಲ್ಲೊಂದು.

ಮೂರರಲ್ಲೊಂದು ಅಂದ ಕೂಡಲೇ ವೈರ್‌ಮನ್ ಅಣ್ಣ ನಕ್ಕರು. ಒಂದು ಸಿಟಿ ತಿರುಗುಮುರುಗು. ಎರಡು ಫೇಸ್ ಕೂಡುತ್ತವೆ, ಮೂರನೆಯದು ಕಳೆಯುತ್ತದೆ, ಉಳಿಯುವುದು ಒಂದು ಪಾಲು. ಬಿ ಫೇಸಿನ ರಿಂಗು ಬೆನ್ನು ಹಾಕಿ ಕೂತಿತ್ತು. ಮತ್ತೆ ಮೇನ್ ತೆಗೆದು ತಿರುಗಿಸಿದ ಮೇಲೆ 7.2 ಬಂತು. ಈ ದೀಪ ಎಣಿಸುವ ಉಪಾಯಕ್ಕೆ ಒಂದು ಪೈಸೆ ಖರ್ಚಿಲ್ಲ. ಸ್ವಂತ ಮೀಟರ್ ಇಲ್ಲದವರೂ ಒಂದೊಂದೇ ಮಿಷನ್ ಓಡಿಸಿ ಹೀಗೆ ಲೆಕ್ಕ ಹಾಕಬಹುದು.

ಇಎಸ್‌ಪಿ32 ಭಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎ, ಬಿ ವೈರು ಅದಲುಬದಲಾಗಿ ಒಂದು ಸಂಜೆ ಹೋಯಿತು, ಸಂಖ್ಯೆಯ ಎರಡು ಅರ್ಧಗಳು ಹಿಂದುಮುಂದಾಗಿ ಬಂದು ಇನ್ನೊಂದು ಸಂಜೆ. ಆಮೇಲೆ ನಿಮಿಷಕ್ಕೊಮ್ಮೆ ಓದಿ, 15 ನಿಮಿಷಕ್ಕೊಮ್ಮೆ ಸರಾಸರಿ ಬರೆಯುವ ಹಾಗಾಯಿತು. ಆ 15 ನಿಮಿಷ ಸುಮ್ನೆ ಆರಿಸಿದ್ದಲ್ಲ. ಗರಿಷ್ಠ ಬೇಡಿಕೆಯನ್ನು ಇಲ್ಲಿ ಲೆಕ್ಕ ಹಾಕುವುದೇ 15 ನಿಮಿಷದ ಸರಾಸರಿಯಲ್ಲಿ. ಮೋಟರು ಸ್ಟಾರ್ಟ್ ಆಗುವಾಗ ಏಳುವ ಕರೆಂಟಿಗೆ ಹೆದರುವವರು ಬಹಳ. ಅದು ಕೆಲವೇ ಸೆಕೆಂಡಿನ ಆಟ, 900 ಸೆಕೆಂಡಿಗೆ ಹಂಚಿದರೆ ಕಾಣಿಸುವುದೇ ಇಲ್ಲ.

ಮೂರು ವಾರದ ಲೆಕ್ಕ ನೋಡಿದಾಗ

ದಿನಕ್ಕೆ ಸರಾಸರಿ 42 ಯೂನಿಟ್. ಅದರಲ್ಲಿ 19 ಸಂಜೆ 6ರ ಮೇಲೆ. ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಬರೀ 15. ಉಳಿದ 8 ಬೆಳಗಿನ ಜಾವ ಮತ್ತು ಸಂಜೆಯ ಸಂಧಿಯಲ್ಲಿ. ಇದು ನಿರೀಕ್ಷೆ ಮಾಡಿದ್ದೇ.

ನಿರೀಕ್ಷೆ ಮಾಡದೇ ಇದ್ದದ್ದು ಎರಡು. ಮೊದಲನೆಯದು ಸಂತೆ ದಿನದ್ದು. ಗುರುವಾರ ಸಂಜೆ ಏಳೂಕಾಲಿಗೆ ಮೂರೂ ಮಿಷನ್ ಒಟ್ಟಿಗೆ ಓಡಿ 14.6 ಕಿಲೋವ್ಯಾಟ್ ಮುಟ್ಟಿತ್ತು. ನಮ್ಮ ಮಂಜೂರಾದ ಲೋಡು 18 ಎಚ್‌ಪಿ, ಅಂದರೆ 13.4 ಕಿಲೋವ್ಯಾಟ್. 3 ಎಚ್‌ಪಿ ಮಿಷನ್ ತಂದಾಗ ಲೋಡು ಏರಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ಹೊಳೆದಿತ್ತು, ನೋಡೋಣ ಎಂದು ಬಿಟ್ಟಿದ್ದೆವು.

ಎರಡನೆಯದು ಖಾಲಿ ಓಟ. ಒಬ್ಬರ ಡಬ್ಬ ಮುಗಿದು ಇನ್ನೊಬ್ಬರದು ಬರುವವರೆಗೆ, ಅಪ್ಪ ಚೀಟಿ ಬರೆಯುವವರೆಗೆ, ಯಾರೋ ಚಿಲ್ಲರೆ ಹುಡುಕುವವರೆಗೆ ಕಲ್ಲು ಎತ್ತಿಟ್ಟು ಮೋಟರು ಸುಮ್ಮನೆ ತಿರುಗುತ್ತಿರುತ್ತದೆ. ಪೂರ್ತಿ ಲೋಡಿನಲ್ಲಿ 14 ಆಂಪ್ ಎಳೆಯುವ ಮೋಟರು ಖಾಲಿ ತಿರುಗುವಾಗಲೂ 6 ಆಂಪ್ ಎಳೆಯುತ್ತದೆ. 1.6 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.36. ದಿನಕ್ಕೆ ಇಂಥ ಖಾಲಿ ಹೊತ್ತು ಎಲ್ಲ ಸೇರಿ 2 ಗಂಟೆ 50 ನಿಮಿಷ. ನಾಲ್ಕೂವರೆ ಯೂನಿಟ್ಟು ಗಾಳಿಗೆ ಹೋಯಿತು, ಅಷ್ಟೇ ಅಲ್ಲ, ತಿಂಗಳ ಪವರ್ ಫ್ಯಾಕ್ಟರನ್ನೂ ಇದೇ ಕೆಳಗೆ ಎಳೆಯುತ್ತಿತ್ತು. ಲೋಡಿನಲ್ಲಿ ಓಡುವಾಗ ಅದೇ ಮೋಟರಿನದು 0.81. ಎರಡು ಸಲ ರೀವೈಂಡಿಂಗ್ ಆದ ಮೋಟರಿಗೆ ಅದು ಕೆಟ್ಟದ್ದೇನಲ್ಲ. ನಾನು ಇಷ್ಟು ದಿನ ಆ ಮೋಟರನ್ನೇ ಬೈಯುತ್ತಿದ್ದೆ.

ಕೆಪಾಸಿಟರ್ ಕಥೆ

ಮೇನ್ ಸ್ವಿಚ್ಚಿನ ಪಕ್ಕ ಹಳೆಯ 5 ಕೆವಿಎಆರ್ ಕೆಪಾಸಿಟರ್ ಒಂದಿತ್ತು, ಪವರ್ ಫ್ಯಾಕ್ಟರ್ ಏರಿಸಲು ಹಾಕುವಂಥದ್ದು. ಕೆವಿಎಆರ್ ಎಂದರೆ ಮೋಟರಿನ ಅಯಸ್ಕಾಂತಕ್ಕೆ ಬೇಕಾಗುವ, ಕೆಲಸ ಮಾಡದ ಸೆಳೆತದ ಅಳತೆ. ಕ್ಲ್ಯಾಂಪ್ ಮೀಟರ್ ಹಾಕಿದರೆ 7 ಆಂಪ್ ತೋರಿಸಬೇಕು. 2 ಆಂಪ್ ಕೂಡ ಇಲ್ಲ. ಹೊಟ್ಟೆ ಉಬ್ಬಿಕೊಂಡು ಯಾವತ್ತೋ ಸತ್ತಿತ್ತು. ನೇರವಾಗಿ ಹೊಸ 5 ಕೆವಿಎಆರ್ ತಂದು ಅದೇ ಜಾಗಕ್ಕೆ ಹಾಕಿಸಿದೆ. ಇದು ನಾನು ಮಾಡಿದ ದೊಡ್ಡ ತಪ್ಪು.

ಹಗಲು ಎಲ್ಲ ಚೆನ್ನಾಗಿ ಕಂಡಿತು. ಮಾರನೇ ದಿನ ರಾತ್ರಿಯ ಲೆಕ್ಕ ತೆಗೆದರೆ ತಲೆ ತಿರುಗಿತು. ಮಿಲ್ಲು ಬಂದ್ ಆದ ಮೇಲೂ ಕೆಪಾಸಿಟರ್ ಲೈನಿಗೇ ಅಂಟಿಕೊಂಡಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಯೂನಿಟ್ ಹೆಚ್ಚುಕಡಿಮೆ ಸೊನ್ನೆ, ಆದರೆ ಕೆವಿಎಎಚ್ (ಕೆಲಸ ಮಾಡುವ, ಮಾಡದ ಎರಡೂ ಸೆಳೆತ ಹಿಡಿಯುವ ಲೆಕ್ಕ) 40 ಏರಿದೆ. ಎಲ್ಲ ಲೀಡಿಂಗ್. ಅಂದರೆ ಮೋಟರು ಬೇಡುವ ಲ್ಯಾಗಿಂಗ್ ಸೆಳೆತಕ್ಕೆ ಉಲ್ಟಾ ಸೆಳೆತ. ಹಳೆಯ ಮೀಟರುಗಳಲ್ಲಿ ಬಹಳಷ್ಟು ಲ್ಯಾಗಿಂಗ್ ಮಾತ್ರ ಲೆಕ್ಕಕ್ಕೆ ಹಿಡಿದು ಇದನ್ನು ಬಿಟ್ಟುಬಿಡುತ್ತಿದ್ದವು, ಹಾಗಾಗಿ ಎಷ್ಟೋ ಮಿಲ್ಲುಗಳಲ್ಲಿ ಕೆಪಾಸಿಟರ್ ಹೀಗೇ ನೇತಾಡಿಕೊಂಡಿದೆ. ಹೊಸ ಮೀಟರನ್ನು ಎರಡೂ ಸೇರಿಸಿ ಎಣಿಸುವ ಹಾಗೆ ಸೆಟ್ ಮಾಡಲು ಬರುತ್ತದೆ. ಮಹಾರಾಷ್ಟ್ರದಲ್ಲಿ 2020ರ ಏಪ್ರಿಲ್‌ನಿಂದ ಎಚ್‌ಟಿ ಗ್ರಾಹಕರಿಗೆ ಬಿಲ್ಲೇ ಕೆವಿಎಎಚ್ ಲೆಕ್ಕದಲ್ಲಿ ಬರುತ್ತಿದೆ. ಅಂಥ ಕಡೆ ನಮ್ಮ ಮಿಲ್ಲು ಇದ್ದಿದ್ದರೆ ಬೀಸದೇ ಇದ್ದ ರಾತ್ರಿಗೂ ದುಡ್ಡು ಕಟ್ಟಬೇಕಿತ್ತು.

ಹಾಗಾಗಿ ಎರಡನೇ ಸಲ ಕೂತು ಲೆಕ್ಕ ಹಾಕಿದೆ. ಕೆಪಾಸಿಟರ್ ಮೋಟರಿನ ಜೊತೆ ಬರಬೇಕು, ಜೊತೆಗೇ ಹೋಗಬೇಕು. ಖಾಲಿ ಓಟದಲ್ಲಿ ನಮ್ಮ 10 ಎಚ್‌ಪಿ ಮೋಟರು 4.1 ಕೆವಿಎಆರ್ ಎಳೆಯುತ್ತಿತ್ತು. ಮೋಟರಿಗೇ ಜೋಡಿಸುವ ಕೆಪಾಸಿಟರ್ ಇದರ ಶೇ. 90 ದಾಟಬಾರದು. ದಾಟಿದರೆ ಸ್ವಿಚ್ ತೆಗೆದ ಮೇಲೂ ತಿರುಗುತ್ತಿರುವ ಮೋಟರು ತಾನೇ ಜನರೇಟರ್ ಆಗಿ ವೋಲ್ಟೇಜ್ ಏರಿಸಿಬಿಡಬಹುದು. 3 ಕೆವಿಎಆರ್ ಸಾಕು ಎಂದು ತೀರ್ಮಾನ ಮಾಡಿದೆ. ಲೋಡಿನಲ್ಲಿ 7.3 ಕಿಲೋವ್ಯಾಟಿಗೆ 5.3 ಕೆವಿಎಆರ್ ಬೇಕಿದ್ದದ್ದು 2.3ಕ್ಕೆ ಇಳಿಯುತ್ತದೆ, ಪವರ್ ಫ್ಯಾಕ್ಟರ್ 0.95 ಬರುತ್ತದೆ. ಖಾಲಿ ಓಟದಲ್ಲೂ 0.82. ಪಲ್ವರೈಸರಿಗೆ ಇದೇ ರೀತಿ 2 ಕೆವಿಎಆರ್.

ಒಂದು ತೊಡಕಿತ್ತು. ಎರಡೂ ಮೋಟರಿಗೆ ಸ್ಟಾರ್ ಡೆಲ್ಟಾ ಸ್ಟಾರ್ಟರು, ಮೊದಲು ಕಡಿಮೆ ವೋಲ್ಟೇಜಿನ ಸ್ಟಾರ್ ಜೋಡಣೆಯಲ್ಲಿ ಎಬ್ಬಿಸಿ ಆಮೇಲೆ ಪೂರ್ತಿ ವೋಲ್ಟೇಜಿನ ಡೆಲ್ಟಾಗೆ ಬದಲಿಸುವಂಥದ್ದು. ಸ್ಟಾರಿನಿಂದ ಡೆಲ್ಟಾಗೆ ಹಾರುವ ಕ್ಷಣದಲ್ಲಿ ಕೆಪಾಸಿಟರ್ ಮೋಟರಿಗೆ ಅಂಟಿಕೊಂಡಿರುವುದು ಒಳ್ಳೆಯದಲ್ಲ. ಅದಕ್ಕೆ ಪ್ರತಿ ಕೆಪಾಸಿಟರಿಗೂ ಬೇರೆ ಕಾಂಟ್ಯಾಕ್ಟರ್ (ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಕೂಡುವ ಸ್ವಿಚ್ಚು) ಹಾಕಿದೆವು. ಮಾಮೂಲಿದಲ್ಲ, ಕೆಪಾಸಿಟರಿಗೆಂದೇ ರೆಸಿಸ್ಟರ್ ಸುರುಳಿ ಇಟ್ಟು ಮಾಡಿದ್ದು. ಡೆಲ್ಟಾ ಕಾಂಟ್ಯಾಕ್ಟರ್ ಕೂತ ಮೇಲೆ ಟೈಮರ್ ಶುರುವಾಗುತ್ತದೆ, 60 ಸೆಕೆಂಡ್ ಆದ ಮೇಲೆ ಕೆಪಾಸಿಟರ್ ಒಳಗೆ ಬರುತ್ತದೆ. ಆ 60 ಸೆಕೆಂಡಿಗೂ ಕಾರಣವಿದೆ. ಕೆಪಾಸಿಟರ್ ಆಫ್ ಆದ ಕೂಡಲೇ ಖಾಲಿ ಆಗುವುದಿಲ್ಲ. ನಾವು ತಂದದ್ದರ ಮೇಲೆ ಒಂದು ನಿಮಿಷದಲ್ಲಿ 50 ವೋಲ್ಟಿಗೆ ಇಳಿಯುತ್ತದೆ ಎಂದು ಬರೆದಿದೆ. ಅಷ್ಟರೊಳಗೆ ಮತ್ತೆ ಲೈನಿಗೆ ಸೇರಿದರೆ ಕಾಂಟ್ಯಾಕ್ಟರಿನ ಪಾಯಿಂಟು ಸುಟ್ಟುಕೊಳ್ಳುತ್ತದೆ. ಬರಿಗೈಯಲ್ಲಿ ಮುಟ್ಟುವವರಂತೂ ಮೀಟರ್ ಇಟ್ಟು ನೋಡದೇ ಮುಟ್ಟಬೇಡಿ.

ಅವಸರದಲ್ಲಿ ತಂದ 5 ಕೆವಿಎಆರ್ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಈಗಲೂ ಅಟ್ಟದ ಮೇಲಿದೆ. ಯಾರಿಗಾದರೂ ಬೇಕಾದರೆ ಹೇಳಿ.

ಖಾಲಿ ಓಟಕ್ಕೆ ಕೆಂಪು ದೀಪ

ಪ್ರತಿ ಗಿರಾಕಿಗೂ ಮೋಟರು ಆಫ್ ಮಾಡಿ ಆನ್ ಮಾಡುವುದು ಸರಿಯಲ್ಲ. ಮೋಟರಿಗೂ ಕೆಟ್ಟದ್ದು, ಬೆಲ್ಟಿಗೂ ಕೆಟ್ಟದ್ದು. ಹಾಗಂತ ಹತ್ತು ನಿಮಿಷ ಖಾಲಿ ಬಿಡುವುದೂ ಬೇಡ. ಸಿಟಿ ಇರುವುದು ಮೇನ್‌ನಲ್ಲಿ, ಹಾಗಾಗಿ ಒಟ್ಟು ಕರೆಂಟೇ ನನಗೆ ಕಾಣುವುದು. ಅದು 5 ಆಂಪಿನ ಮೇಲಿದ್ದು 7ರ ಕೆಳಗೆ ನಾಲ್ಕು ನಿಮಿಷ ನಿಂತರೆ ಮೋಟರು ಖಾಲಿ ಎಂದೇ ಅರ್ಥ. ಆಗ ಅಪ್ಪನ ಮೇಜಿನ ಮೇಲೆ ಕೆಂಪು ದೀಪ ಹತ್ತುವ ಹಾಗೆ ಮಾಡಿದೆ. ಕೆಪಾಸಿಟರ್ ಬಂದ ಮೇಲೆ ಖಾಲಿ ಕರೆಂಟು 6ರಿಂದ 3ರ ಹತ್ತಿರ ಇಳಿದು, ದೀಪ ಹತ್ತುವುದೇ ನಿಂತಿತು! ಎರಡು ದಿನ ಆದ ಮೇಲೆ ಗೊತ್ತಾಯಿತು. ಆಮೇಲೆ ಕರೆಂಟು ಬಿಟ್ಟು ಕಿಲೋವ್ಯಾಟ್ ನೋಡುವ ಹಾಗೆ ಬದಲಾಯಿಸಿದೆ.

ಮೊದಲ ವಾರ ಅಪ್ಪ ಆ ದೀಪದ ಮೇಲೆ ಟವಲ್ ಹೊದಿಸಿದ್ದರು. "ನನ್ ಮೇಲೆ ಕಾವಲಿಗೆ ಇಟ್ಟಿದೀಯಾ?" ನಾನು ಏನೂ ಹೇಳಲಿಲ್ಲ. ತಿಂಗಳ ಕೊನೆಗೆ ಟವಲ್ ಗೂಟಕ್ಕೆ ಹೋಗಿತ್ತು. ಈಗ ಅವರೇ ಮೂರು ನಾಲ್ಕು ಡಬ್ಬ ಸೇರುವವರೆಗೆ ಕಾದು ಒಟ್ಟಿಗೆ ಬೀಸುತ್ತಾರೆ.

ಲೋಡು ಮತ್ತು ಹೊತ್ತು

ಮೂರು ಮಿಷನ್ ಒಟ್ಟಿಗೆ ಓಡದ ಹಾಗೆ ಇಂಟರ್‌ಲಾಕ್ ಹಾಕಿದರೆ ಲೋಡು ಏರಿಸುವ ಗೋಜೇ ಇಲ್ಲ ಎಂದುಕೊಂಡೆ. ಪಲ್ವರೈಸರ್ ಕಾಂಟ್ಯಾಕ್ಟರಿನ ಎನ್‌ಸಿ ಪಾಯಿಂಟನ್ನು (ಕಾಂಟ್ಯಾಕ್ಟರ್ ಆನ್ ಆದಾಗ ತೆರೆದುಕೊಳ್ಳುವುದು) ಕ್ಲೀನಿಂಗ್ ಮಿಷನ್ನಿನ ಕಾಯಿಲ್ ಲೈನಿಗೆ ತೂರಿಸಿದರೆ ಮುಗಿಯಿತು. ಹಾಕಿಯೂ ಹಾಕಿದೆವು. ಆದರೆ ವೈರ್‌ಮನ್ ಅಣ್ಣ ಕೇಳಿದರು: "ಚೆಕಿಂಗ್‌ಗೆ ಬಂದವರು ಓಡೋ ಮೋಟರ್ ಎಣಿಸ್ತಾರಾ, ಇರೋ ಮೋಟರ್ ಎಣಿಸ್ತಾರಾ?" ಅವರ ಮಾತು ಸರಿ. 3 ಎಚ್‌ಪಿ ಜಾಸ್ತಿ ಮಾಡಿಸಲು ಅರ್ಜಿ ಹಾಕಿ, ಡಿಪಾಸಿಟ್ ಕಟ್ಟಿ 21 ಎಚ್‌ಪಿ ಮಾಡಿಸಿಕೊಂಡೆವು. ತಿಂಗಳ ನಿಗದಿತ ಶುಲ್ಕ ಏರಿತು, ಅದನ್ನು ಮುಚ್ಚಿಡುವುದಿಲ್ಲ. ಅದೇ 2023ರ ನಿಯಮದಲ್ಲಿ ಗ್ರಾಹಕರಿಗೆ ಅನುಕೂಲದ ಎರಡು ಮಾತಿವೆ. ಹೊಸ ಮೀಟರ್ ತೋರಿಸಿದ ಬೇಡಿಕೆ ಇಟ್ಟುಕೊಂಡು ಅದು ಕೂರುವ ಮೊದಲಿನ ದಿನಗಳಿಗೆ ದಂಡ ಹಾಕುವಂತಿಲ್ಲ. ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ಮೀರಿದರೆ ಮಾತ್ರ ಮಂಜೂರಾದ ಲೋಡನ್ನು ಅವರೇ ಏರಿಸಬಹುದು. ಆದರೆ ಮೀರಿದ ತಿಂಗಳ ಬಿಲ್ಲು ಮೀರಿದ ಲೆಕ್ಕಕ್ಕೇ ಬರುತ್ತದೆ. ನಮ್ಮಲ್ಲಿ ತಿಂಗಳಿಗೆ ನಾಲ್ಕು ಸಂತೆ.

ಹೊತ್ತು ಬದಲಾಯಿಸುವುದು ವೈರಿಂಗಿಗಿಂತ ಕಷ್ಟದ ಕೆಲಸ. ಕಾಗದದ ಮೇಲೆ ಸುಲಭ. ಮಾಮೂಲಿ ದರ 1 ಅಂದುಕೊಳ್ಳಿ, ಬಿಸಿಲಿನ ಹೊತ್ತು 9ರಿಂದ 5 ಅಂದುಕೊಳ್ಳಿ. ಈಗಿನ ಹಾಗೇ ಹೋದರೆ 42 ಯೂನಿಟ್ಟಿಗೆ 42.8 ಕಟ್ಟಬೇಕು. ಸಂಜೆಯ 9 ಯೂನಿಟ್ ಹಗಲಿಗೆ ಬಂದರೆ 39.2. ಬರೀ ಕರೆಂಟಿನ ದುಡ್ಡಿನಲ್ಲಿ ನೂರಕ್ಕೆ ಎಂಟು ರೂಪಾಯಿಗಿಂತ ಸ್ವಲ್ಪ ಜಾಸ್ತಿ ಉಳಿತಾಯ.

ಆದರೆ ರಾಗಿ ತಂದ ಅಜ್ಜಿ ಡಬ್ಬ ಬಿಟ್ಟು ಹೋಗುವುದಿಲ್ಲ. ತನ್ನ ರಾಗಿ ಬಾಯಿಗೆ ಬೀಳುವುದನ್ನು ನೋಡಬೇಕು, ತನ್ನ ಹಿಟ್ಟು ಬಿಸಿಬಿಸಿ ಇರುವಾಗಲೇ ಕೈಯಲ್ಲಿ ಹಿಡಿಯಬೇಕು. "ನಮ್ ಹೊಲದ್ ರಾಗಿ ಕಣಪ್ಪ, ಇನ್ನೊಬ್ರದ್ದು ಬೆರಸಬ್ಯಾಡ" ಎನ್ನುವ ಮಾತಿಗೆ ಟಿಒಡಿ ದರ ಹೇಳಿ ಏನು ಪ್ರಯೋಜನ? ಹಗಲು ಬಂದರೆ ಕೇಜಿಗೆ 50 ಪೈಸೆ ಕಡಿಮೆ ಎಂದು ಬೋರ್ಡ್ ಹಾಕಿದೆ. ಯಾರೂ ಕಣ್ಣೆತ್ತಿ ನೋಡಲಿಲ್ಲ. ಹಾಗಾಗಿ ರಾಗಿಯನ್ನು ಅದರ ಪಾಡಿಗೆ ಬಿಟ್ಟೆ. ಮುಟ್ಟಿದ್ದು ಖಾರದ ಪುಡಿ, ಧನಿಯಾ ಮತ್ತು ಹೋಟೆಲಿನವರ ಅಕ್ಕಿ ಹಿಟ್ಟು. ಇವನ್ನು ಚೀಲ ಕಟ್ಟಿ ಇಟ್ಟು ಹೋಗುವವರೇ ಜಾಸ್ತಿ. ಚೀಲಕ್ಕೆ ನಂಬರಿನ ಬಿಲ್ಲೆ ಕಟ್ಟಿ, ಮಧ್ಯಾಹ್ನ ಪುಡಿ ಮಾಡಿ, ಸಂಜೆ ಸ್ಕೂಟರಿನಲ್ಲಿ ಮನೆಗೇ ಮುಟ್ಟಿಸುತ್ತೇನೆ ಎಂದೆ. ಅದು ಕೆಲಸ ಮಾಡಿತು. ಸಂಜೆ ಕಾಯುವ ರಾಗಿಯವರಿಗೆ ಖಾರದ ಘಾಟೂ ತಪ್ಪಿತು. ಇದನ್ನು ಮೊದಲೇ ಮಾಡಬಹುದಿತ್ತಲ್ವಾ ಎಂದು ಅಮ್ಮ ಕೇಳಿದರು. ಹೌದು, ಮಾಡಬಹುದಿತ್ತು.

ಮೀಟರ್ ಬಂದ ದಿನ

ಎರಡು ಜನ ಬಂದು ಅರ್ಧ ಗಂಟೆಯಲ್ಲಿ ಬದಲಾಯಿಸಿ ಹೋದರು. ಹಳೆ ಮೀಟರಿನ ಕೊನೆಯ ರೀಡಿಂಗ್, ಹೊಸದರ ಮೊದಲ ರೀಡಿಂಗ್, ಎರಡರ ಸೀರಿಯಲ್ ನಂಬರ್, ಎಲ್ಲದರ ಫೋಟೋ ತೆಗೆದುಕೊಂಡೆ. ಆರ್‌ಆರ್ ನಂಬರ್ ಬರೆದ ಬದಲಾವಣೆ ಚೀಟಿಯನ್ನು ಕೇಳಿ ಪಡೆದೆ. ಕೇಳದೇ ಇದ್ದರೆ ಕೊಡುವ ಹಾಗೆ ಕಾಣಲಿಲ್ಲ. ಲೀಡಿಂಗ್ ಲೆಕ್ಕ ಹಿಡಿಯುತ್ತದಾ ಎಂದು ಕೇಳಿದ್ದಕ್ಕೆ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ನನ್ನ ಕೆಪಾಸಿಟರ್ ಈಗ ರಾತ್ರಿ ಮಲಗುತ್ತದೆ, ಹಾಗಾಗಿ ಒತ್ತಾಯ ಮಾಡಲಿಲ್ಲ.

ಮೂರು ದಿನ ಎರಡೂ ಮೀಟರನ್ನು ಪಕ್ಕಪಕ್ಕ ಓದಿದೆ. ಅವರದು 118.6 ಯೂನಿಟ್, ನನ್ನದು 119.3. ಸಿಟಿ ಹಾಕಿದ ಅಗ್ಗದ ಮೀಟರಿಗೆ ಇಷ್ಟು ವ್ಯತ್ಯಾಸ ಸಹಜ. ಇದು ಶೇ. 10ರಷ್ಟು ಬೇರೆಯಾಗಿ ಬಂದಿದ್ದರೆ ಸುಮ್ಮನಿರುತ್ತಿರಲಿಲ್ಲ. 2024ರ ಫೆಬ್ರವರಿಯ ತಿದ್ದುಪಡಿಯ ಪ್ರಕಾರ, ರೀಡಿಂಗ್ ಮತ್ತು ಬಳಕೆ ಹೊಂದುತ್ತಿಲ್ಲ ಎಂದು ದೂರು ಕೊಟ್ಟರೆ ಐದು ದಿನದಲ್ಲಿ ಇನ್ನೊಂದು ಮೀಟರ್ ಜೋಡಿಸಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ದೂರು ಕೊಡಲು ಕೈಯಲ್ಲಿ ಸ್ವಂತ ಅಂಕಿ ಇದ್ದರೆ ಮಾತಿಗೆ ತೂಕ ಬರುತ್ತದೆ.

ಮೊದಲ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ 0.93. ಸರ್‌ಚಾರ್ಜ್ ಸಾಲು ಖಾಲಿ. ಅಟ್ಟದ ಮೇಲಿನ ಕೆಪಾಸಿಟರ್ ಬಿಟ್ಟು ಒಟ್ಟು ಖರ್ಚು ಸುಮಾರು 14,000 ರೂಪಾಯಿ, ವೈರ್‌ಮನ್ ಕೂಲಿ ಸೇರಿ.

ಈಗ ಲೆಕ್ಕದಲ್ಲಿ ಇನ್ನೊಂದು ಕಾಣಿಸಿದೆ. ಹೋದ ತಿಂಗಳು 10 ಕೇಜಿ ರಾಗಿಗೆ ಹಿಡಿಯುತ್ತಿದ್ದ ಕರೆಂಟಿಗಿಂತ ಈ ತಿಂಗಳು ಜಾಸ್ತಿ ಹಿಡಿಯುತ್ತಿದೆ, ವಾರ ವಾರಕ್ಕೆ ಏರುತ್ತಿದೆ. ಬೇರಿಂಗ್ ಇರಬಹುದು, ಬೆಲ್ಟ್ ಜಾರುತ್ತಿರಬಹುದು ಎಂದು ಎರಡು ದಿನ ಗ್ರಾಫ್ ಹಿಡಿದು ತಲೆ ಕೆಡಿಸಿಕೊಂಡು, ಕೊನೆಗೆ ಅಪ್ಪನಿಗೆ ತೋರಿಸಿದೆ. ಅವರು ಫೋನಿನ ಕಡೆ ನೋಡಲೂ ಇಲ್ಲ. "ಕಲ್ಲು ಸವೆದಿದೆ ಕಣೋ. ಹದಿನೈದು ದಿನದಿಂದ ಶಬ್ದ ಕೇಳ್ತಿಲ್ವಾ ನಿಂಗೆ?" ಭಾನುವಾರ ಕಲ್ಲು ಇಳಿಸಿ ಉಳಿ ಹಿಡಿದು ಕಚ್ಚು ಹೊಡೆಯುವ ಕೆಲಸ ಇದೆ.